ಸಿಲೆಕ್ ವರಸೆಯಿಂದ ನೃತ್ಯ ಕಟ್ಟುವುದು: ನನ್ನ ಅನುಭವ

ನಾನು ಭರತನಾಟ್ಯದವಳು. ಇಂಡೋನೇಷ್ಯಾ ಸರ್ಕಾರದ ದರ್ಮಾಸಿಸ್ವಾ ವಿದ್ಯಾರ್ಥಿವೇತನ ಸಿಕ್ಕಿ ಪಶ್ಚಿಮ ಸುಮಾತ್ರಾದ ಪಾಡಂಗ್ ಪಂಜಾಂಗ್‌ಗೆ ಹೋದೆ. ಮಿನಾಂಗ್ ನೃತ್ಯ ಕಲಿಯೋಣ ಅಂತ ಹೋದರೆ ಅಲ್ಲಿ ಎಲ್ಲರದ್ದೂ ಒಂದೇ ಮಾತು, ಮೊದಲು ಸಿಲೆಕ್ ಕಲಿ. ಸಿಲೆಕ್ ಅಂದರೆ ಮಿನಾಂಗ್‌ಕಬಾವ್ ಜನರ ಕಾದಾಟದ ಕಲೆ, ಹೊರಗಿನವರು ಸಿಲಾಟ್ ಅನ್ನುತ್ತಾರೆ.

ಅರೆಮಂಡಿಯಲ್ಲಿ ಕೂತು ತಟ್ಟಡವು ಹಾಕಿ ಬೆಳೆದ ಕಾಲು ನನ್ನದು. ನಮ್ಮಲ್ಲಿ ಪಾದ ನೆಲಕ್ಕೆ ಬಿದ್ದರೆ ಸದ್ದು ಬರಬೇಕು, ಅಲ್ವಾ? ಸಿಲೆಕ್‌ನಲ್ಲಿ ಉಲ್ಟಾ. ಭಾರವೆಲ್ಲ ಹಿಂದಿನ ಕಾಲಲ್ಲೇ ಇಟ್ಟುಕೊಂಡು, ಮುಂದಿನ ಪಾದದಿಂದ ನೆಲವನ್ನು ಮೆಲ್ಲಗೆ ತಡವಿ, ಜಾರಲ್ಲ ಅಂತ ಗೊತ್ತಾದ ಮೇಲೇ ಮೈ ಮುಂದಕ್ಕೆ ಬರುತ್ತದೆ. ಸಿಲೆಕ್ ಕಲಿಸುವ ಜಾಗಕ್ಕೆ ಸಾಸಾರನ್ ಅನ್ನುತ್ತಾರೆ, ನಮ್ಮ ಗರಡಿ ಇದ್ದ ಹಾಗೆ, ಆದರೆ ಬಯಲು. ತಾಲೀಮು ರಾತ್ರಿ ಹೊತ್ತು. ಪಾಡಂಗ್ ಪಂಜಾಂಗ್‌ನಲ್ಲಿ ಮಳೆ ಜಾಸ್ತಿ, ಮಣ್ಣು ಸದಾ ಹಸಿ. ಆ ಹೆಜ್ಜೆ ಯಾಕೆ ಹಾಗೆ ಅಂತ ಅಲ್ಲಿ ಯಾರೂ ವಿವರಿಸಬೇಕಾಗಿಲ್ಲ.

ಸಿಲೆಕ್ ಹೆಜ್ಜೆಯಿಂದ ನೃತ್ಯ ಕಟ್ಟುವ ಈ ದಾರಿ ನಾನು ಹಾಕಿದ್ದಲ್ಲ. 1971ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡ ಹುರಿಯಾ ಆದಂ ಸಿಲೆಕ್ ಚಲನೆಗಳ ಮೇಲೇ ಹೊಸ ಮಿನಾಂಗ್ ನೃತ್ಯ ಕಟ್ಟಿದವರು. ಆಮೇಲೆ ಗುಸ್ಮಿಯಾತಿ ಸುಯಿದ್, 1982ರಲ್ಲಿ ಗುಮಾರಂಗ್ ಸಕ್ತಿ ಅನ್ನುವ ನೃತ್ಯ ತಂಡ ಶುರು ಮಾಡಿದರು. ರಂದಾಯಿ ಅಂದರೆ ವೃತ್ತವಾಗಿ ನಿಂತು ಹಾಡು, ಕಥೆ, ಸಿಲೆಕ್ ಹೆಜ್ಜೆ ಸೇರಿಸಿ ಆಡುವ ಮಿನಾಂಗ್ ಜನಪದ ನಾಟಕ. ಹಿಂದೆಲ್ಲ ಆ ಆಟದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ನಾಡು ಅದು. ಅಂಥ ಕಡೆ ಇಬ್ಬರು ಹೆಂಗಸರು ಮಾಡಿದ ಕೆಲಸ ಇದು.

ನಾನು ಮಾಡುವುದು ಹೀಗೆ. ಮೊದಲು ಇಬ್ಬರನ್ನು ಎದುರುಬದುರು ನಿಲ್ಲಿಸಿ ಮೂರು ಹೆಜ್ಜೆಯ ವರಸೆ, ಲಂಗ್ಕಾ ತಿಗೊ, ಮಾಡಿಸುತ್ತೇನೆ. ಒಬ್ಬರು ಹೊಡೆಯುವುದು, ಇನ್ನೊಬ್ಬರು ಸೊಂಟ ತಿರುಗಿಸಿ ತಪ್ಪಿಸಿಕೊಳ್ಳುವುದು. ಅದು ಮೈಗೆ ಹತ್ತಿದ ಮೇಲೆ ಹೊಡೆಯುವವರನ್ನು ತೆಗೆದುಬಿಡುತ್ತೇನೆ. ಉಳಿದವರ ಕಣ್ಣು ಮಾತ್ರ ಆ ಖಾಲಿ ಜಾಗದಿಂದ ಕದಲಬಾರದು. ಅಭಿನಯ ಅಲ್ಲಿಂದಲೇ ಹುಟ್ಟುತ್ತದೆ, ಮೇಲಿಂದ ಭಾವ ಹಚ್ಚಬೇಕಿಲ್ಲ. ಕೈಯಲ್ಲಿ ಮುದ್ರೆ ಹಿಡಿದು ನಡುವೆ ಸುಮ್ನೆ ಎರಡು ಒದೆ ಹಾಕಿ ಫ್ಯೂಷನ್ ಅನ್ನುವುದು ನನಗಂತೂ ಆಗಿಬರಲ್ಲ.

ತಾಳಕ್ಕೆ ಗಲೆಂಬೊಂಗ್ ಇದೆ. ತೊಡೆಯ ನಡುವೆ ಬಟ್ಟೆ ದೊಗಳೆಯಾಗಿ ಇಳಿಬಿದ್ದಿರುವ ಚಲ್ಲಣ ಅದು. ಕಾಲು ಅಗಲಿಸಿ ಬಟ್ಟೆ ಬಿಗಿ ಮಾಡಿ ಅಂಗೈಯಿಂದ ಬಡಿದರೆ ಧಪ್ ಅಂತ ಚರ್ಮವಾದ್ಯದ ಸದ್ದು. ಬಟ್ಟೆ ತೆಳುವಾದರೆ ಸದ್ದೇ ಇಲ್ಲ. ಬೆಂಗಳೂರಲ್ಲಿ ದಪ್ಪ ಹತ್ತಿ ಬಟ್ಟೆ ಕೊಟ್ಟು ಹೊಲಿಸಿದಾಗ ಟೈಲರ್, "ಮೇಡಂ, ಇಷ್ಟು ಲೂಸ್ ಯಾಕೆ?" ಅಂತ ಕೇಳಿದ್ದರು. ಬಡಿದು ತೋರಿಸಿದೆ, ನಕ್ಕರು. ಈ ಬಡಿತವನ್ನು ನಮ್ಮ ಎಂಟು ಎಣಿಕೆಯ ಆದಿತಾಳಕ್ಕೆ ಕಟ್ಟಿಹಾಕಲು ನಾನು ಒಪ್ಪಲ್ಲ. ರಂದಾಯಿಯ ವೃತ್ತದಲ್ಲಿ ಒಬ್ಬರು "ಹೆಪ್ ತಾ" ಅಂತ ಕೂಗುತ್ತಾರೆ, ಉಳಿದವರು ಓರೆಗಣ್ಣಲ್ಲಿ ಪಕ್ಕದವರನ್ನು ನೋಡಿಕೊಂಡು ಸೇರಿಕೊಳ್ಳುತ್ತಾರೆ, ಲೆಕ್ಕ ಹಾಕಿದರೆ ಆ ಎಚ್ಚರವೇ ಹೋಗುತ್ತದೆ.

ಕಷ್ಟ ಇರುವುದು ಸಭಾಂಗಣದಲ್ಲಿ. ರಂದಾಯಿಗೆ ಜನ ಸುತ್ತಲೂ ಕೂರಬೇಕು. ಈಗ ಆಯೋಜಕರಿಗೆ ಮೊದಲೇ ಹೇಳುತ್ತೇನೆ, ವೇದಿಕೆ ಬೇಡ, ನೆಲ ಕೊಡಿ, ಕುರ್ಚಿ ಸುತ್ತ ಹಾಕಿ. ಮುಖ್ಯ ಅತಿಥಿಗೆ ಮುಂದಿನ ಸಾಲು ಯಾವುದು ಅಂತ ಕೇಳುತ್ತಾರೆ, ಎಲ್ಲ ಸಾಲೂ ಮುಂದಿನದೇ ಅಂದರೆ ಕೆಲವರು ಒಪ್ಪುತ್ತಾರೆ, ಕೆಲವರು ಆಮೇಲೆ ಫೋನೇ ಎತ್ತಲ್ಲ.