ಕೂಲಿಗೆ ಬರೆದದ್ದು, ಖುಷಿಗೆ ಬರೆದದ್ದು

ಸಾಗರ, ಹೊಸನಗರದ ಕಡೆ ಒಂದಷ್ಟು ಜನರಿಗೆ ನಾನು ಗೊತ್ತಿರುವುದು ‘ಸಂಚಿಕೆ ಮಾಡಿಕೊಡುವವರು’ ಎಂದು. ಸಹಕಾರ ಸಂಘದ ಅಮೃತ ಮಹೋತ್ಸವ, ಶಾಲೆಯ ಶತಮಾನೋತ್ಸವ, ನಿವೃತ್ತ ಮೇಷ್ಟ್ರ ಅಭಿನಂದನಾ ಗ್ರಂಥ, ದೇವಸ್ಥಾನದ ಕ್ಷೇತ್ರ ಪರಿಚಯ, ಹೀಗೆ ಯಾರು ಕರೆದರೂ ಹೋಗಿ, ಪುಟಕ್ಕಿಷ್ಟು ಎಂದು ಮಾತಾಡಿಕೊಂಡು ಬರೆದುಕೊಡುತ್ತೇನೆ. ಕತೆಯನ್ನೂ ಬರೆಯುತ್ತೇನೆ ಎನ್ನುವುದು ಗೊತ್ತಿರುವವರು ಕಮ್ಮಿ. ಗೊತ್ತಿರುವವರಿಗೆ ಒಂದೇ ಪ್ರಶ್ನೆ: ‘ಕತೆ ಬರೆಯೋ ಕೈಯಲ್ಲಿ ಇದೆಂತ ಬರೀತಾ ಕೂತಿದೀಯೆ ಮಾರಾಯ್ತಿ?’

ದುಡ್ಡಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. 160 ಪುಟದ ಕಥಾಸಂಕಲನ ಎಂದರೆ ಡೆಮಿ ಅಳತೆಯಲ್ಲಿ (ಮಾಮೂಲಿ ಪುಸ್ತಕದ ಗಾತ್ರ) ಹದಿನಾರು ಪುಟಕ್ಕೊಂದರಂತೆ ಹತ್ತು ಫಾರಂ. ಬೆಲೆ 200 ರೂಪಾಯಿ ಇಟ್ಟರೆ ಶೇಕಡಾ 10ರ ಗೌರವಧನದಲ್ಲಿ ಪ್ರತಿಗೆ 20 ರೂಪಾಯಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾಗಿ 300 ಪ್ರತಿ ಹೋದರೂ ಕೈಗೆ ಬರುವುದು 6000. ವರ್ಷಗಟ್ಟಲೆ ಬರೆದ ಕತೆಗಳಿಗೆ ಇದು. ಸಂಚಿಕೆಯ ಮುಂಗಡವೇ ಇದಕ್ಕಿಂತ ಜಾಸ್ತಿ ಇರುತ್ತದೆ. ಆದ್ದರಿಂದ ‘ಹೊಟ್ಟೆಪಾಡಿಗೆ ಅದು, ಆತ್ಮಕ್ಕೆ ಇದು’ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಸಂಗತಿ ಅಷ್ಟು ಸರಳ ಇಲ್ಲ.

ಖುಷಿಗೆ ಬರೆದದ್ದು ಎನ್ನುತ್ತೇವಲ್ಲ, ಅದಕ್ಕೂ ಮಾರುಕಟ್ಟೆ ಇದೆ. ಕನ್ನಡದಲ್ಲಿ ಅದು ದುಡ್ಡಿನ ವೇಷದಲ್ಲಿ ಬರುವುದಿಲ್ಲ, ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಾಗಿ, ದತ್ತಿ ಬಹುಮಾನವಾಗಿ, ವಿಮರ್ಶಕರ ಮುನ್ನುಡಿಯಾಗಿ ಬರುತ್ತದೆ. ಪದಮಿತಿ ಇಷ್ಟು, ಕೊನೆಯ ದಿನಾಂಕ ಇಂಥದ್ದು. ಈ ಸಲದ ತೀರ್ಪುಗಾರರು ಯಾರಿರಬಹುದು ಎಂದು ಲೆಕ್ಕ ಹಾಕಿ ಬರೆಯುವವರನ್ನು ನಾನು ಬಲ್ಲೆ. ಅವರಲ್ಲಿ ಕೆಲವರು ಚೆನ್ನಾಗಿಯೇ ಬರೆಯುತ್ತಾರೆ, ಅದು ಬೇರೆ ಮಾತು.

ನಮ್ಮ ಕಡೆಯವರಿಗಂತೂ ಇನ್ನೊಂದು ಅನುಕೂಲ. ಮಲೆನಾಡು ಒಳ್ಳೇ ರೇಟಿಗೆ ಹೋಗುವ ಮಾಲು. ಜಡಿಮಳೆ, ಇಂಬಳ, ಕಂಬಳಿಕೊಪ್ಪೆ, ಅಟ್ಟದ ಮೇಲಿನ ಟ್ರಂಕು, ಬೆಂಗಳೂರಿಂದ ಬಂದ ಮಗ, ತೋಟ ಮಾರುವ ಮಾತು, ಜಗುಲಿಯಲ್ಲಿ ಕೂತ ಅಜ್ಜಿ. ಇಷ್ಟನ್ನು ಸೇರಿಸಿದರೆ ಕತೆ ತಾನೇ ನಡೆಯುತ್ತದೆ. ಬೆಂಗಳೂರಿನ ಫ್ಲಾಟಿನಲ್ಲಿ ಓದುವವರಿಗೆ ಕಣ್ಣು ಒದ್ದೆಯಾಗುತ್ತದೆ. ಈಚೆಗೆ ನಮ್ಮ ಮನೆ ಜಗುಲಿಯಲ್ಲಿ ನಡೆಯುವ ಮಾತೇ ಬೇರೆ: ಎಲೆಚುಕ್ಕಿ ರೋಗ ಯಾರ ತೋಟಕ್ಕೆ ಬಂತು, ಮೈಲುತುತ್ತದ ರೇಟು ಎಷ್ಟಾಯ್ತು, ಅಡಿಕೆ ಕೊನೆ ಕೊಯ್ಯಲು ಜನ ಸಿಗದಿದ್ದರೆ ಫೈಬರ್ ದೋಟಿ ತಗೊಳ್ಳುವುದೋ ಬೇಡವೋ. ಅಜ್ಜಿಯೂ ಇದ್ದಾರೆ, ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತಾರೆ. ಇದನ್ನೆಲ್ಲ ಬರೆದರೆ ‘ಮಣ್ಣಿನ ವಾಸನೆ’ ಕಮ್ಮಿ ಎನ್ನುತ್ತಾರೆ. ನನ್ನ ಪಾಲಿಗೆ ಮೈಲುತುತ್ತದ ವಾಸನೆಯೂ ಮಣ್ಣಿನದ್ದೇ.

ಕೂಲಿ ಬರಹದ ಒಳಗೆ ಏನಿರುತ್ತದೆ ಎಂದು ಈಗ ಹೇಳಬೇಕು. ಸಹಕಾರ ಸಂಘದ ಸಂಚಿಕೆಗೆ ಒಂದು ಅಚ್ಚು ಇದೆ. ಮಂತ್ರಿಗಳ ಸಂದೇಶ, ಸ್ವಾಮಿಗಳ ಆಶೀರ್ವಾದ, ಶಾಸಕರ ಫೋಟೋ. ಆಮೇಲೆ ಇತಿಹಾಸ, ಅದು ಶುರುವಾಗುವುದು ಗದಗದ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ದೇಶದ ಮೊದಲ ಕೃಷಿ ಪತ್ತಿನ ಸಂಘದಿಂದ. ಯಾವ ಊರಿನ ಸಂಘವಾದರೂ ಸರಿ, ಕಣಗಿನಹಾಳಕ್ಕೆ ಹೋಗಿಯೇ ಬರಬೇಕು. ಅಲ್ಲಿಂದ ಮುಂದೆ ಅಧ್ಯಕ್ಷರ ಪಟ್ಟಿ, ಲಾಭಾಂಶದ ಕೋಷ್ಟಕ, ಜಾಹೀರಾತು.

ಈ ಅಚ್ಚನ್ನು ಮುರಿಯುವುದಕ್ಕೆ ನಾನು ಹೋಗುವುದಿಲ್ಲ. ಕೊಡುವವರು ಅದಕ್ಕೇ ದುಡ್ಡು ಕೊಡುತ್ತಾರೆ. ನನ್ನ ಕರಾರು ಒಂದೇ: ಹಳೆಯ ಠರಾವು ಪುಸ್ತಕಗಳನ್ನೆಲ್ಲ ನನಗೆ ತೋರಿಸಬೇಕು. ‘ಸಂಚಿಕೆಯವರು’ ಎಂದರೆ ಕಾರ್ಯದರ್ಶಿಗಳು ಬೀರುವಿನ ಬೀಗ ತೆಗೆದು ಕಡತದ ಗಂಟನ್ನೇ ಮುಂದಿಡುತ್ತಾರೆ. ಕತೆಗಾರ್ತಿ ಎಂದು ಹೋಗಿದ್ದರೆ ಕಾಫಿ ಕೊಟ್ಟು ಕಳಿಸುತ್ತಿದ್ದರು.

ಶರಾವತಿ ಕಡೆಯ ಒಂದು ಸಂಘದ ಬೀರುವಿನಲ್ಲಿ ಅರವತ್ತರ ದಶಕದ ಪುಸ್ತಕ ಸಿಕ್ಕಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು, ಅದರ ಹಿನ್ನೀರಿಗೆ ಮಡೆನೂರಿನ ಹಳೆಯ ಅಣೆಕಟ್ಟೆಯೂ ಸೇರಿ ಎಷ್ಟೋ ಊರುಗಳು ಹೋದ ಕಾಲ. ಠರಾವಿನ ಭಾಷೆಗೆ ಅಳು ಬರುವುದಿಲ್ಲ. ಇಂತಿಂಥ ಸದಸ್ಯರು ಮುಳುಗಡೆಯಿಂದ ಊರು ಬಿಟ್ಟಿದ್ದಾರೆ, ವಿಳಾಸ ತಿಳಿದಿಲ್ಲ, ಅವರ ಷೇರು ಹಣವನ್ನು ಅನಾಮತ್ತು ಖಾತೆಯಲ್ಲಿ ಇಡತಕ್ಕದ್ದೆಂದು ಸರ್ವಾನುಮತದಿಂದ ಠರಾಯಿಸಲಾಗಿದೆ. ಸೂಚಿಸಿದವರು, ಅನುಮೋದಿಸಿದವರು, ಸಹಿ. ಅನಾಮತ್ತು ಎಂದರೆ ಯಾರಿಗೆ ಸೇರಬೇಕೋ ಅವರು ಸಿಗುವವರೆಗೆ ಬೇರೆಯಾಗಿ ಎತ್ತಿಡುವ ಲೆಕ್ಕ. ಮರುವರ್ಷ ಅದೇ ಮೊತ್ತ, ಅದರಾಚೆ ವರ್ಷವೂ ಅದೇ. ಮುಳುಗಡೆಯ ಬಗ್ಗೆ ನಾನು ಓದಿದ್ದು, ಕೇಳಿದ್ದು ಬಹಳ ಇದೆ. ಆದರೂ ಆ ಪುಸ್ತಕ ಓದಿದ ಮೇಲೆ ಊರು ಬಿಡುವುದು ಎಂದರೆ ಏನು ಎಂಬುದು ಬೇರೆಯೇ ರೀತಿಯಲ್ಲಿ ತಿಳಿಯಿತು.

ಆ ಹೆಸರುಗಳನ್ನು ಸಂಚಿಕೆಯಲ್ಲಿ ಹಾಕೋಣ ಎಂದೆ. ನಿರ್ದೇಶಕರೊಬ್ಬರು ‘ನಾಳೆ ಮೊಮ್ಮಕ್ಕಳು ಬಂದು ದುಡ್ಡು ಕೇಳಿದರೆ ಎಂತ ಮಾಡೂದು?’ ಎಂದರು. ಕೇಳಲಿ, ಅವರದೇ ದುಡ್ಡಲ್ಲವೇ ಎಂದೆ. ಎಳೆದಾಡಿ ಕೊನೆಗೆ ಒಂದು ಪುಟ ಕೊಟ್ಟರು, ಗೊಬ್ಬರದಂಗಡಿಯ ಜಾಹೀರಾತಿನ ಎದುರಿಗೆ. ಲೆಕ್ಕ ಚುಕ್ತಾ ಮಾಡುವಾಗ ಆ ಪುಟಕ್ಕೆ ದುಡ್ಡು ಹಿಡಿಯಲಿಲ್ಲ. ‘ಹೆಸರಿನ ಪಟ್ಟಿ ಬರವಣಿಗೆ ಅಲ್ವಲ್ಲ ಮೇಡಂ’ ಎಂದರು ಕಾರ್ಯದರ್ಶಿ. ಪುಟದ ಲೆಕ್ಕದಲ್ಲಿ ಕೆಲಸ ಒಪ್ಪಿಕೊಂಡವಳು ನಾನೇ ಆದ್ದರಿಂದ ವಾದ ಬೆಳೆಸಲಿಲ್ಲ.

ಈಗ ಕೆಲಸ ಮಾಡುವ ರೀತಿ ಹೀಗಿದೆ. ಅರ್ಧ ದುಡ್ಡು ಮುಂಗಡ. ಕರಡು ತಿದ್ದುವ ಅಧಿಕಾರ ಸಮಿತಿಯಲ್ಲಿ ಒಬ್ಬರಿಗೆ ಮಾತ್ರ, ಇಲ್ಲದಿದ್ದರೆ ಪ್ರತಿಯೊಬ್ಬರೂ ತಮ್ಮ ಹೆಸರಿನ ಮುಂದೆ ‘ಶ್ರೀಯುತ’ ಸೇರಿಸುತ್ತಾ ಹೋಗುತ್ತಾರೆ. ಯೂನಿಕೋಡಿನಲ್ಲಿ ಬರೆದದ್ದನ್ನು ಮುದ್ರಕರು ‘ನುಡಿ’ ಫಾಂಟಿಗೆ ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ನೋಡುವ ಕೆಲಸ ನನ್ನದೇ. ಇನ್ನೊಂದನ್ನು ಕಾಗದದಲ್ಲಿ ಬರೆಸಿಕೊಳ್ಳುತ್ತೇನೆ: ಕಡತದಲ್ಲಿ ಕಂಡ ಸಂಗತಿಯನ್ನು ಹೆಸರು, ಊರು ಬದಲಿಸಿ ನನ್ನ ಬರವಣಿಗೆಗೆ ಬಳಸಿಕೊಳ್ಳಬಹುದು. ಇದಕ್ಕೆ ಈವರೆಗೆ ಯಾರೂ ಬೇಡ ಎಂದಿಲ್ಲ. ಕತೆಯಿಂದ ಏನು ಅಪಾಯ ಎಂಬ ಧೈರ್ಯ ಇರಬೇಕು.

ಸಮಿತಿಯವರು ಹೊಡೆದುಹಾಕಿದ ಸಾಲುಗಳಿಗೆ ನನ್ನ ಹತ್ತಿರ ಪ್ರತ್ಯೇಕ ನೋಟ್‌ಬುಕ್ ಇದೆ. ಸಾಲ ತೀರಿಸಲಾಗದೆ ಎತ್ತು ತಂದು ಸಂಘದ ಬಾಗಿಲಿಗೆ ಕಟ್ಟಿ ಹೋದವನು, ಹೆಬ್ಬೆಟ್ಟಿನ ಪಕ್ಕದಲ್ಲೇ ಸಹಿ ಕಲಿತು ಹಾಕಿದ ಹೆಂಗಸು, ಜಗಳವಾಗಿ ಅರ್ಧಕ್ಕೆ ನಿಂತ ಮಹಾಸಭೆ. ಕೊಳ್ಳುವವರು ಬೇಡ ಎಂದದ್ದರಲ್ಲೇ ನನಗೆ ಬೇಕಾದದ್ದು ಇರುತ್ತದೆ. ಆ ಪುಸ್ತಕಕ್ಕೆ ಅವಧಿ ಇಲ್ಲ, ಪದಮಿತಿ ಇಲ್ಲ. ಅದನ್ನು ಬಿಡಿಸುವ ಹೊತ್ತಿನಲ್ಲಿ ಸ್ಪರ್ಧೆಯ ಪ್ರಕಟಣೆ ನೋಡುವುದಿಲ್ಲ.

ಹಾಗೆಂದು ಮಾರುಕಟ್ಟೆ ಎಂದರೆ ಮೈಲಿಗೆ ಎನ್ನುವವರ ಜೊತೆ ನಾನಿಲ್ಲ. ಇದೇ ಜಿಲ್ಲೆಯ ಕೊನಗವಳ್ಳಿಯ ಲಂಕೇಶ್ 1980ರಲ್ಲಿ ಪತ್ರಿಕೆ ಶುರು ಮಾಡಿದಾಗ ಜಾಹೀರಾತು ಬೇಡ ಎಂದರು. ಓದುಗ ಅಂಗಡಿಗೆ ಹೋಗಿ ಕಾಸು ಕೊಟ್ಟು ಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕಿಂತ ನಿಷ್ಠುರವಾದ ಮಾರುಕಟ್ಟೆ ಯಾವುದಿದೆ? ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಕಾದಂಬರಿಗೆ ಕೈಹಾಕಿದ್ದು ನಲವತ್ತೈದರ ಆಸುಪಾಸಿನಲ್ಲಿ. ಮನೆ ಮನೆಯ ಹೆಂಗಸರು ಅವರನ್ನು ಓದಿದರು. 1976ರ ‘ಫಣಿಯಮ್ಮ’ ಅವರದೇ ಬಂಧುಬಳಗದ ಒಬ್ಬ ವಿಧವೆಯ ಬದುಕು. ಹಾಗಾಗಿ ಜನ ಕೊಂಡು ಓದಿದ್ದೆಲ್ಲ ಒಳಗಿನಿಂದ ಬಂದದ್ದಲ್ಲ ಎನ್ನುವವರನ್ನು ಕಂಡರೆ ನನಗೆ ಅನುಮಾನ.

ಅನಾಮತ್ತು ಖಾತೆಯಿಂದ ಹುಟ್ಟಿದ ಕತೆ ಬೆಳೆಯುತ್ತಾ ಹೋಗಿ ಈಗ ಯಾವ ವಿಶೇಷಾಂಕಕ್ಕೂ ಹಿಡಿಸದಷ್ಟಾಗಿದೆ. ಅದರಲ್ಲಿ ಒಬ್ಬ ಗುಮಾಸ್ತ ಇದ್ದಾನೆ, ಪ್ರತಿ ಮಾರ್ಚ್ ಕೊನೆಗೆ ಆ ಮೊತ್ತವನ್ನು ಮುಂದಿನ ಪುಸ್ತಕಕ್ಕೆ ಎತ್ತಿ ಬರೆಯುತ್ತಾನೆ. ಓದಿದ ಗೆಳತಿ ‘ಚೆನ್ನಾಗಿದೆ, ಆದರೆ ಮಲೆನಾಡಿನ ಕತೆ ಅನ್ನಿಸೋದೇ ಇಲ್ಲ ಕಣೆ. ಮಳೆಯೇ ಬರಲ್ವಲ್ಲ’ ಎಂದಳು. ಮಾರ್ಚಿನಲ್ಲಿ ಎಲ್ಲಿಂದ ತರಲಿ ಎಂದೆ.