ತೆಳು ಗೋಡೆ ಯಾವ ಕಡೆಗಿದೆ, ಮೊದಲು ಅದನ್ನು ನೋಡಿ

ಪೋಲೆಂಡಿನ ಬಿಡ್‌ಗೊಷ್ಚ್ ನಗರದ ಆಗ್ನೇಯ ಅಂಚಿನಲ್ಲಿ ಒಂದು ಪೈನ್ ಕಾಡಿದೆ. ಎರಡನೇ ಮಹಾಯುದ್ಧದ ಸ್ಫೋಟಕ ಕಾರ್ಖಾನೆಯೊಂದು ಅದರೊಳಗೆ ಹುದುಗಿದೆ. ಮೂವತ್ತು ವರ್ಷ ರಾಸಾಯನಿಕ ಕಾರ್ಖಾನೆಗಳ ಸುರಕ್ಷತಾ ವಿಭಾಗದಲ್ಲಿ ದುಡಿದವನು ನಾನು. ನಿವೃತ್ತಿಯಾದ ಮೇಲೆ ನೋಡಲೇಬೇಕು ಎಂದುಕೊಂಡಿದ್ದ ಜಾಗ ಇದು. ಪೋಲೆಂಡಿನಲ್ಲೇ ಓದುತ್ತಿದ್ದ ತಂಗಿಯ ಮಗ ಜೊತೆಗೆ ಬಂದ. ಹೋಗಬೇಕೆನ್ನುವವರಿಗೆ ಅಲ್ಲಿ ಹೇಗೆ ನಡೆಯಬೇಕು, ಏನನ್ನು ನೋಡಬೇಕು, ಏನನ್ನು ಮುಟ್ಟಬಾರದು ಎಂದು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಹೋಗುವ ಮೊದಲು ಜಾಗದ ಗಾತ್ರ ತಲೆಯಲ್ಲಿರಲಿ. 1939ರಲ್ಲಿ ಜರ್ಮನರು ಪೋಲೆಂಡನ್ನು ಆಕ್ರಮಿಸಿದ ಮೇಲೆ ಡಿಎಜಿ ಎಂಬ ಕಂಪನಿ, ಅಂದರೆ ಆಲ್ಫ್ರೆಡ್ ನೊಬೆಲ್ ಹುಟ್ಟುಹಾಕಿದ ಡೈನಮೈಟ್ ಉದ್ಯಮದ ಜರ್ಮನ್ ಶಾಖೆ, ಇಲ್ಲಿ ಕಟ್ಟಲು ತೊಡಗಿತು. ಊರನ್ನು ಆಗ ಬ್ರೊಂಬರ್ಗ್ ಎನ್ನುತ್ತಿದ್ದರು. ಸುಮಾರು 23 ಚದರ ಕಿಲೋಮೀಟರ್ ಕಾಡಿನಲ್ಲಿ ಸಾವಿರಕ್ಕೂ ಹೆಚ್ಚು ಕಟ್ಟಡಗಳೆದ್ದವು. ಹೊಗೆರಹಿತ ಮದ್ದು, ಟಿಎನ್‌ಟಿ, ನೈಟ್ರೋಗ್ಲಿಸರಿನ್ ಎಲ್ಲಾ ಇಲ್ಲೇ ತಯಾರಾಗುತ್ತಿದ್ದವು. 1945ರಲ್ಲಿ ಸೋವಿಯತ್ ಸೇನೆ ಯಂತ್ರಗಳನ್ನು ಬಿಚ್ಚಿ ಸಾಗಿಸಿತು. ಉಳಿದದ್ದು ಕಾಂಕ್ರೀಟು.

ಮೊದಲ ಸಲ ಹೋಗುವವರು ಕಾಡಿಗೆ ನುಗ್ಗಬೇಡಿ, ಎಕ್ಸ್‌ಪ್ಲೋಸಿಯಮ್‌ಗೆ ಹೋಗಿ. ಕಾರ್ಖಾನೆಯ ನೈಟ್ರೋಗ್ಲಿಸರಿನ್ ವಿಭಾಗವನ್ನು 2011ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದ್ದಾರೆ. ಕಟ್ಟಡಗಳನ್ನು ಜೋಡಿಸುವ ಸುರಂಗಗಳಲ್ಲಿ ಸುಮಾರು ಎರಡು ಕಿಲೋಮೀಟರ್ ನಡೆಯಬಹುದು. ತೆರೆದಿರುವ ದಿನ, ವೇಳೆ ಋತುವಿನೊಂದಿಗೆ ಬದಲಾಗುತ್ತವೆ, ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ. ಬೇಸಿಗೆಯಾದರೂ ಒಂದು ಸ್ವೆಟರ್ ಬೇಕು, ಸುರಂಗದೊಳಗೆ ಚಳಿ ಮೈಗೆ ಅಂಟಿಕೊಳ್ಳುತ್ತದೆ. ಸಮಯ ಧಾರಾಳವಾಗಿ ಇಟ್ಟುಕೊಳ್ಳಿ. ನಾವು ಎರಡು ಗಂಟೆ ಸಾಕೆಂದುಕೊಂಡು ಹೋಗಿ ಮರುದಿನ ಮತ್ತೆ ಬಂದೆವು.

ಈಗ ನೋಡುವ ಬಗೆ. ಸಾಮಾನ್ಯ ಕಾರ್ಖಾನೆಯಲ್ಲಿ ಯಂತ್ರ ಎಲ್ಲಿತ್ತು, ಸರಕು ಎಲ್ಲಿಂದ ಬಂತು ಎಂದು ಹುಡುಕುತ್ತೇವೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಇದು ಸಿಡಿದರೆ ಹೊಡೆತ ಯಾವ ಕಡೆಗೆ ಹೋಗಲಿ ಎಂದು ಕಟ್ಟಿದವನು ಲೆಕ್ಕ ಹಾಕಿದ್ದ? ಸ್ಫೋಟಕ ಕಾರ್ಖಾನೆಯ ನಕ್ಷೆ ಬರೆಯುವವನು, ಒಂದಲ್ಲ ಒಂದು ದಿನ ಒಂದು ಕಟ್ಟಡ ಸಿಡಿದೇ ಸಿಡಿಯುತ್ತದೆ ಎಂದಿಟ್ಟುಕೊಂಡೇ ಗೆರೆ ಎಳೆಯುತ್ತಾನೆ. ಅದಕ್ಕೇ ಒಂದೇ ದೊಡ್ಡ ಶೆಡ್ಡಿನ ಬದಲು ದೂರದೂರ ಚದುರಿದ ಚಿಕ್ಕಚಿಕ್ಕ ಕಟ್ಟಡಗಳು, ನಡುವೆ ಮಣ್ಣಿನ ದಿಬ್ಬಗಳು. ಇಂಥ ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಎಲ್ಲಿ ಗೋಡೆ ಮೊಣಕೈ ಉದ್ದಕ್ಕಿಂತ ದಪ್ಪ, ಎಲ್ಲಿ ತೆಳು, ಎಲ್ಲಿ ಬರೀ ಕಿಟಕಿ ಚೌಕಟ್ಟಿನ ಖಾಲಿ ಜಾಗ ಎಂದು ಗಮನಿಸಿ. ದಪ್ಪ ಗೋಡೆ ಪಕ್ಕದ ಕಟ್ಟಡವನ್ನು ಕಾಯಲು. ತೆಳುವಾದದ್ದು ಬೇಕೆಂದೇ ಸೋಲಲು ಕಟ್ಟಿದ್ದು, ಸ್ಫೋಟದ ಒತ್ತಡ ಆ ಕಡೆಯಿಂದ ಹೊರಗೆ ಹೋಗಲಿ ಎಂದು. ಎರಡಕ್ಕೂ ನಡುವೆ ನಿಂತು ಕೆಲಸ ಮಾಡುತ್ತಿದ್ದವರಿಗೆ ಈ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ವೃತ್ತಿಯಲ್ಲಿದ್ದಾಗ ಇಂಥ ಗೋಡೆಗಳನ್ನು ನಾನೂ ಮೆಚ್ಚಿಕೊಂಡಿದ್ದೆ. ಅಲ್ಲಿ ಒಳಗೆ ನಿಂತು ನೋಡಿದಾಗ ಮೊದಲ ಸಲ ಹೊಟ್ಟೆಯೊಳಗೆ ಏನೋ ಆಯಿತು.

ಚಾವಣಿಗಳ ಮೇಲೆ ಮರಗಳಿವೆ. ಕಾಲಾಂತರದಲ್ಲಿ ಕಾಡು ತಾನಾಗಿ ಹತ್ತಿಕೊಂಡಿತು ಎಂದು ಅಳಿಯ ಅಂದುಕೊಂಡಿದ್ದ. ವಿಮಾನಕ್ಕೆ ಕಾಣಬಾರದೆಂದು ಮಣ್ಣು ಹೊದಿಸಿ ಗಿಡ ನೆಟ್ಟಿದ್ದೂ ಕಟ್ಟಿದವರೇ.

ನೆಲವನ್ನೂ ನೋಡಿ. ಸ್ಫೋಟಕವಿರುವ ಕೋಣೆಗಳಲ್ಲಿ ಮರಳಿನ ಕಾಳು, ಕಬ್ಬಿಣದ ಮೊಳೆ, ಕಿಡಿ ಹಾರಿಸುವ ಯಾವುದೂ ಇರಬಾರದು. ಆದ್ದರಿಂದ ನುಣುಪು ನೆಲ, ಹಿತ್ತಾಳೆ ತಾಮ್ರದ ಉಪಕರಣ, ಬಾಗಿಲಲ್ಲೇ ಚಪ್ಪಲಿ ಬದಲಿಸುವ ವ್ಯವಸ್ಥೆ. ಇನ್ನು ಇಳಿಜಾರು. ನೈಟ್ರೋಗ್ಲಿಸರಿನ್ ಪೆಟ್ಟು, ಉಜ್ಜಾಟ ಸಹಿಸದ ದ್ರವ, ಅದನ್ನು ಪಂಪಿಗೆ ಹಾಕುವ ಧೈರ್ಯ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ಹಳೆಯ ಘಟಕಗಳಲ್ಲಿ ಮೇಲಿನ ಕಟ್ಟಡದಿಂದ ಕೆಳಗಿನದಕ್ಕೆ ಅದು ತಾನಾಗಿ ಹರಿಯುವಂತೆ ಕಾಲುವೆ ಇಡುತ್ತಿದ್ದರು. ತಯಾರಿಕೆಯ ಪಾತ್ರೆ ಬಿಸಿಯೇರಿ ಕೆಂಪು ಹೊಗೆ ಕಂಡರೆ ಅಷ್ಟನ್ನೂ ಕೆಳಗಿನ ನೀರಿನ ತೊಟ್ಟಿಗೆ ಮುಳುಗಿಸಿ ಓಡಬೇಕಿತ್ತು. ಸ್ಕಾಟ್ಲೆಂಡಿನ ಆರ್ಡೀರ್‌ನಲ್ಲಿ ನೊಬೆಲ್ ಕಾರ್ಖಾನೆಯ ಉಷ್ಣಮಾಪಕ ಕಾಯುವವನಿಗೆ ಒಂಟಿ ಕಾಲಿನ ಸ್ಟೂಲು ಕೊಡುತ್ತಿದ್ದರು. ತೂಕಡಿಸಿದರೆ ಬೀಳುತ್ತಾನೆ, ಬಿದ್ದರೆ ಎಚ್ಚರಾಗುತ್ತಾನೆ! ಬಿಡ್‌ಗೊಷ್ಚ್‌ನ ಒಂದು ಖಾಲಿ ಕೋಣೆಯಲ್ಲಿ ನಿಂತು ಈ ಸ್ಟೂಲಿನ ವಿಷಯ ಹೇಳಿದಾಗ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಇಲ್ಲಿ ದುಡಿದವರು ಬಹುಪಾಲು ತಾವಾಗಿ ಬಂದವರಲ್ಲ. ಬಲವಂತದ ಕೂಲಿಗೆ ಎಳೆತಂದ ಪೋಲಿಷ್ ಜನ, ಯುದ್ಧಕೈದಿಗಳು, 1944ರಲ್ಲಿ ಷ್ಟುಟ್‌ಹೋಫ್ ಯಾತನಾಶಿಬಿರದಿಂದ ತಂದ ಯಹೂದಿ ಹೆಂಗಸರು. ಟಿಎನ್‌ಟಿ ದಿನವೂ ಮೈಗೆ ಹತ್ತಿದರೆ ಚರ್ಮ, ಕೂದಲು ಹಳದಿಯಾಗುತ್ತವೆ, ಯಕೃತ್ತು ಕೆಡುತ್ತದೆ. ಇದು ಮೊದಲ ಮಹಾಯುದ್ಧದಲ್ಲೇ ಜಗತ್ತಿಗೆ ತಿಳಿದಿತ್ತು. ಬ್ರಿಟನ್ನಿನ ಮದ್ದಿನ ಕಾರ್ಖಾನೆಯ ಹೆಂಗಸರನ್ನು ಜನ ಕ್ಯಾನರಿ ಎಂಬ ಹಳದಿ ಹಕ್ಕಿಯ ಹೆಸರಿನಿಂದ ‘ಕ್ಯಾನರಿ ಹುಡುಗಿಯರು’ ಎಂದು ಕರೆಯುತ್ತಿದ್ದುದು ಅದಕ್ಕೇ. ಈ ಕಾರ್ಮಿಕರ ಬಗ್ಗೆ ಸಂಗ್ರಹಾಲಯದಲ್ಲಿ ಇಟ್ಟಿರುವುದನ್ನು ಕೊನೆಗೆ ನೋಡಿದರಾಯಿತು ಎಂದು ಬಿಡಬೇಡಿ. ಮೊದಲು ಅದನ್ನು ಓದಿ, ಆಮೇಲೆ ಗೋಡೆಗಳ ಹತ್ತಿರ ಬನ್ನಿ. ನಾನು ತಿರುಗುಮುರುಗಾಗಿ ಮಾಡಿದೆ, ಮರುದಿನ ಮತ್ತೆ ಹೋಗಿದ್ದು ಅದಕ್ಕೇ.

ಸಂಗ್ರಹಾಲಯದ ಬೇಲಿಯಾಚೆ ಕಾಡಿನಲ್ಲೂ ಪಾಳು ಕಟ್ಟಡಗಳಿವೆ. ಅಲ್ಲಿಗೆ ಹೋಗುವ ಆಸೆ ಬರುತ್ತದೆ, ನನಗೂ ಬಂತು. ಆ ಜಾಗ ಯಾರದ್ದು, ಒಳಗೆ ಹೋಗಲು ಅನುಮತಿ ಇದೆಯೇ ಎಂದು ಮೊದಲು ತಿಳಿದುಕೊಳ್ಳಿ. ನಿಷೇಧದ ಫಲಕವಿದ್ದರೆ ಅಲ್ಲಿಂದಲೇ ಹಿಂದಿರುಗಿ. ಒಬ್ಬರೇ ಹೋಗಬೇಡಿ. ನಡೆಯುವ ದಾರಿಯಲ್ಲೇ ನಡೆದು ಹೊರಗಿನಿಂದ ನೋಡಿ. ಎಲೆ ಮುಚ್ಚಿದ ಗುಂಡಿಗಳು, ಮುಚ್ಚಳವಿಲ್ಲದ ಚೇಂಬರುಗಳು, ನೀರು ತುಂಬಿದ ನೆಲಮಾಳಿಗೆಗಳು ಇಂಥ ಕಡೆ ಸ್ಫೋಟಕಕ್ಕಿಂತ ಹೆಚ್ಚಾಗಿ ಕಾಲಿಗೆ ಸಿಗುತ್ತವೆ. ಹಳೆಯ ಪೈಪಿನ ಸುತ್ತ ಜೋತಾಡುವ ಬಿಳಿ ನಾರು ಕಲ್ನಾರು, ಅಂದರೆ ಆಸ್ಬೆಸ್ಟಸ್, ಇರಬಹುದು, ಅದರ ಬಳಿ ಧೂಳೆಬ್ಬಿಸಬೇಡಿ. ಕಾಡಿನ ನೀರು ಎಷ್ಟೇ ತಿಳಿಯಾಗಿ ಕಂಡರೂ ಬಾಯಿಗೆ ಬೇಡ. ಯುದ್ಧದ ನಂತರ ಇದೇ ನೆಲದಲ್ಲಿ ಜಾಖೆಮ್ ಎಂಬ ರಾಸಾಯನಿಕ ಕಾರ್ಖಾನೆ ನಡೆಯಿತು, ಅದು ಮುಚ್ಚಿಹೋದರೂ ಅಂತರ್ಜಲದ ಮಾಲಿನ್ಯ ಉಳಿದಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ನೆಲದ ಮೇಲಿನ ಏನನ್ನೂ ಎತ್ತಿಕೊಳ್ಳಬೇಡಿ. ನಡೆದದ್ದು ಹೇಳುತ್ತೇನೆ. ದಾರಿಯ ಪಕ್ಕ ಹಳೆಯ ಬೆಲ್ಲದ ಹೆಂಟೆಯಂಥದ್ದೊಂದು ಬಿದ್ದಿತ್ತು, ಕೆಂಪು ಮಿಶ್ರಿತ ಕಂದು ಬಣ್ಣ. ಅಳಿಯ ಬಗ್ಗಿ ಕೈ ಚಾಚಿದ. “ಮುಟ್ಟಬೇಡ ಕಣೋ!” ಎಂದು ಕಿರುಚಿದೆ. “ಬರೀ ಕಲ್ಲು ಮಾವ” ಎಂದ. ಬರೀ ಕಲ್ಲೇ ಇದ್ದಿರಬಹುದು. ಆದರೆ ಟಿಎನ್‌ಟಿ ಹೊಸದಾಗಿದ್ದಾಗ ಮಾಸಲು ಹಳದಿ, ಬಿಸಿಲಿಗೆ ಬಿದ್ದರೆ ಕಂದಾಗುತ್ತದೆ, ನೀರಲ್ಲಿ ಕರಗುವುದು ತೀರಾ ಕಡಿಮೆ, ಹಾಗಾಗಿ ದಶಕಗಟ್ಟಲೆ ನೆಲದಲ್ಲಿ ಉಳಿಯಬಲ್ಲದು. ಇನ್ನೊಂದು ಸ್ಫೋಟಕವಾದ ಪಿಕ್ರಿಕ್ ಆಮ್ಲ ಲೋಹದೊಡನೆ ಸೇರಿದರೆ ಅದಕ್ಕಿಂತಲೂ ಸುಲಭವಾಗಿ ಸಿಡಿಯುವ ಲವಣಗಳಾಗುತ್ತವೆ. ಕಣ್ಣಳತೆಯಲ್ಲಿ ಕಲ್ಲೋ ಮದ್ದೋ ಎಂದು ತೀರ್ಮಾನಿಸುವಷ್ಟು ಬಲ್ಲವನು ನಾನಲ್ಲ, ನೀವೂ ಆಗಬೇಡಿ. ಸಂಶಯ ಬಂದರೆ ನಿಂತಲ್ಲಿಂದಲೇ ಒಂದು ಫೋಟೋ ತೆಗೆದು, ಬಂದ ಹೆಜ್ಜೆಗಳಲ್ಲೇ ಹಿಂದೆ ಸರಿದು, ದೂರ ಹೋದ ಮೇಲೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ನಾವು ಹಾಗೇ ಮಾಡಿದೆವು. ಹುಡುಗ ಪೋಲಿಷ್‌ನಲ್ಲಿ ಜಾಗ ವಿವರಿಸಿದ. ನಿಮಗೆ ಭಾಷೆ ಬಾರದಿದ್ದರೆ ಫೋನಿನ ನಕ್ಷೆಯಲ್ಲಿ ನಿಂತ ಜಾಗದ ಗುರುತನ್ನು ಮೊದಲೇ ತೆರೆದಿಟ್ಟುಕೊಳ್ಳಿ.

ಉದ್ದ ತೋಳು, ಉದ್ದ ಪ್ಯಾಂಟು, ಕಾಲುಚೀಲದೊಳಗೆ ಸಿಕ್ಕಿಸಿದ ಅಂಚು. ಆ ಕಾಡುಗಳ ಉಣುಗು ಕಚ್ಚಿದರೆ ಲೈಮ್ ರೋಗ ಬರಬಹುದು. ವಾಪಸಾದ ಮೇಲೆ ಮೊಣಕಾಲ ಹಿಂದೆ, ಕಂಕುಳು, ಕಿವಿಯ ಹಿಂದೆ ಹುಡುಕಿ. ಬೂಟನ್ನು ಬಾಗಿಲ ಹೊರಗೇ ಬಿಟ್ಟು ಅಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಊಟಕ್ಕೆ ಕೂರುವ ಮುನ್ನ ಸೋಪು ಹಾಕಿ ಕೈ ತೊಳೆಯಿರಿ.