ಮುಳ್ಳೂರಿನ ಬಸದಿಗಳಲ್ಲಿ ಒಂದು ಬೆಳಗು: ಛಾಯಾಗ್ರಹಣ ಕೂಟ ನಡೆಸಿದ ನನ್ನ ಅನುಭವ

ಕೊಡಗಿನಲ್ಲಿ ಸೂರ್ಯೋದಯದ ಚಿತ್ರ ಎಂದರೆ ಹೆಚ್ಚಿನವರು ಮಾಂದಲ್‌ಪಟ್ಟಿಯಂತಹ ಬೆಟ್ಟದ ನೆತ್ತಿಯನ್ನೇ ನೆನೆಯುತ್ತಾರೆ. ನಮ್ಮ ಹವ್ಯಾಸಿ ಛಾಯಾಗ್ರಾಹಕರ ಕೂಟಕ್ಕೆ ನಾನು ಆರಿಸಿದ್ದು ಶನಿವಾರಸಂತೆಗೆ ಸಮೀಪದ ಮುಳ್ಳೂರಿನ ಜೈನ ಬಸದಿಗಳನ್ನು. ಪಾರ್ಶ್ವನಾಥ, ಶಾಂತಿನಾಥ ಮತ್ತು ಚಂದ್ರನಾಥರ ಈ ಮೂರು ಬಸದಿಗಳು ಚೋಳರ ಸಾಮಂತರಾಗಿದ್ದ ಕೊಂಗಾಳ್ವರ ಕಾಲದವು. ಅಲ್ಲಿನ 1058ರ ಶಾಸನವು ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿಯನ್ನೂ ಆಕೆಯ ಗುರು ಗುಣಸೇನ ಪಂಡಿತರನ್ನೂ ಹೆಸರಿಸುತ್ತದೆ. ಸವೆದ ಶಾಸನದ ಅಕ್ಷರಗಳು ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಕಲ್ಲಿನೊಳಗೆ ಕರಗಿಹೋದಂತೆ ಕಾಣುತ್ತವೆ. ಓರೆಯಾಗಿ ಬೀಳುವ ಬೆಳಗಿನ ಬೆಳಕಿನಲ್ಲಾದರೆ ಪ್ರತಿಯೊಂದು ಗೆರೆಗೂ ತನ್ನದೇ ನೆರಳು ಹುಟ್ಟಿ ಅವು ಎದ್ದು ನಿಲ್ಲುತ್ತವೆ. ನಮ್ಮ ಗುರಿ ಸೂರ್ಯನಾಗಿರದೆ ಆ ಬೆಳಕಾಗಿದ್ದುದರಿಂದ ಇಡೀ ಏರ್ಪಾಡನ್ನು ಅದರ ಸುತ್ತಲೇ ಹೆಣೆದೆ.

ಮೊದಲು ನಿರ್ಧರಿಸಬೇಕಾದದ್ದು ತಿಂಗಳು. ನಮ್ಮ ಅಕ್ಷಾಂಶದಲ್ಲಿ ಜನವರಿಯ ಮೂರನೆಯ ವಾರದ ಸೂರ್ಯ ನೇರ ಪೂರ್ವದಿಂದ ಸುಮಾರು 20 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಆಗ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗಳ ಮೇಲೆ ಬೆಳಕು ಬಹುತೇಕ ಸವರಿಕೊಂಡು ಹೋಗುವುದರಿಂದ ಗೋಡೆಗೆ ಅಂಟಿಕೊಂಡ ಅರೆಗಂಬಗಳ, ಅಧಿಷ್ಠಾನದ (ಕಟ್ಟಡದ ತಳಪೀಠದ) ಪಟ್ಟಿಕೆಗಳ ಉಬ್ಬುತಗ್ಗುಗಳು ಸ್ಪಷ್ಟವಾಗುತ್ತವೆ. ಪೂರ್ವದ ಗೋಡೆಗೆ ಎದುರು ಬೆಳಕು ಬಿದ್ದು ಅದು ಚಪ್ಪಟೆಯಾಗುತ್ತದೆ, ಉತ್ತರದ ಗೋಡೆ ನೆರಳಿನಲ್ಲೇ ಉಳಿಯುತ್ತದೆ. ಉತ್ತರದ ಗೋಡೆ ಬೇಕಾದವರು ಜೂನ್ ತನಕ ಕಾಯಬೇಕು, ಆದರೆ ಜೂನ್‌ನಲ್ಲಿ ಕೊಡಗಿನ ಆಕಾಶದಿಂದ ಬೆಳಕು ಬಯಸುವುದು ದುರಾಸೆ. ಜನವರಿಗೆ ಇನ್ನೊಂದು ಅನುಕೂಲವೂ ಇದೆ: ಮೇ ಕೊನೆಯಲ್ಲಿ 6 ಗಂಟೆಗೇ ಮೂಡುವ ಸೂರ್ಯ ಆಗ 6.50ರ ಸುಮಾರಿಗೆ ಮೂಡುವುದರಿಂದ ಎಲ್ಲರಿಗೂ ಒಂದಿಷ್ಟು ನಿದ್ರೆ ಸಿಗುತ್ತದೆ.

ಆದರೆ ಪಂಚಾಂಗದ ಸೂರ್ಯೋದಯ ಬೇರೆ, ಕಲ್ಲಿಗೆ ಬಿಸಿಲು ತಾಗುವ ಹೊತ್ತು ಬೇರೆ. ಸುತ್ತಲಿನ ಗುಡ್ಡ ಮತ್ತು ಮರಗಳು ಅದನ್ನು ಎಷ್ಟು ತಡೆಯುತ್ತವೆ ಎಂಬುದನ್ನು ಮೊಬೈಲ್‌ನ ಆ್ಯಪ್ ನೋಡಿ ಖಚಿತವಾಗಿ ತಿಳಿಯುವುದು ಕಷ್ಟ. ಹಾಗಾಗಿ ಹಿಂದಿನ ವಾರವೇ ಅದೇ ಹೊತ್ತಿಗೆ ಹೋಗಿ, ಯಾವ ಗೋಡೆಗೆ ಎಷ್ಟು ಗಂಟೆಗೆ ಬಿಸಿಲು ಬರುತ್ತದೆ ಎಂದು ಬರೆದುಕೊಂಡು ಬಂದೆ. ಕೂಟದ ಸಿದ್ಧತೆಯಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಕೆಲಸವೆಂದರೆ ಇದೇ.

ಅದೇ ಭೇಟಿಯಲ್ಲಿ ಊರಿನ ಹಿರಿಯರೊಬ್ಬರನ್ನು ಮಾತನಾಡಿಸಿದ್ದೆ. ನಾವು ಬರುವ ಹೊತ್ತನ್ನು ಕೇಳಿದೊಡನೆ ಅವರು, “ಕತ್ತಲಲ್ಲಿ ತೋಟದ ಒಳದಾರಿ ಹಿಡೀಬೇಡಿ ಸಾರ್, ಸುತ್ತಾದ್ರೂ ಟಾರ್ ರಸ್ತೆಯಲ್ಲೇ ಬನ್ನಿ” ಎಂದರು. ಆನೆಗಳು ಕಾಫಿ ತೋಟಗಳಲ್ಲಿ ಓಡಾಡುವ ಸೀಮೆಯಲ್ಲಿ ಈ ಮಾತಿಗೆ ವಿವರಣೆ ಬೇಕಿಲ್ಲ. ಮಡಿಕೇರಿಯಿಂದ ನಸುಕಿನಲ್ಲಿ ಹೊರಟು ಮಂಜು ಕವಿದ ತಿರುವುಗಳಲ್ಲಿ ಬರುವ ಬದಲು ಎಲ್ಲರೂ ಹಿಂದಿನ ರಾತ್ರಿ ಸೋಮವಾರಪೇಟೆಯಲ್ಲೇ ತಂಗುವುದೆಂದೂ, ಬೆಳಿಗ್ಗೆ ವಾಹನಗಳು ಒಂದರ ಹಿಂದೊಂದರಂತೆ ಸಾಗುವುದೆಂದೂ, ಬೆಳಕು ಹರಿಯುವ ಮೊದಲು ಯಾರೂ ಒಂಟಿಯಾಗಿ ಇಳಿದು ನಡೆಯಬಾರದೆಂದೂ ತೀರ್ಮಾನಿಸಿದೆವು.

ಬಸದಿಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿವೆ. ಇಂತಹ ಸ್ಮಾರಕಗಳನ್ನು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ತೆರೆದಿಡಬೇಕೆಂಬುದು ಸಾಮಾನ್ಯ ನಿಯಮವಾದ್ದರಿಂದ ನಮ್ಮ ಬೆಳಗನ್ನು ಎರಡಾಗಿ ವಿಂಗಡಿಸಿದೆ: ಅರುಣೋದಯದ ನೀಲಿ ಬೆಳಕಿನ ಛಾಯಾಕೃತಿಗಳು (ಬೆಳಗುವ ಆಕಾಶದೆದುರು ಕಪ್ಪಾಗಿ ಕಾಣುವ ಆಕಾರಗಳು) ಆವರಣದ ಹೊರಗಿನಿಂದ, ಕಲ್ಲು ಮತ್ತು ಶಾಸನದ ಚಿತ್ರಗಳು ಸೂರ್ಯ ಮೂಡಿದ ಮೇಲೆ ಒಳಗಿನಿಂದ. ಟ್ರೈಪಾಡ್‌ಗೆ ಮುಂಚಿತವಾಗಿ ಅನುಮತಿ ಪಡೆಯಬೇಕು, ಡ್ರೋನ್‌ಗೆ ಪ್ರತ್ಯೇಕ ಅನುಮತಿ ಬೇಕು. ನಾವು ಎರಡನ್ನೂ ಬಿಟ್ಟೆವು. ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಅಳತೆ) 1600ರಿಂದ 3200ರವರೆಗೆ ಏರಿಸಿ ಕೈಯಲ್ಲೇ ಹಿಡಿದು ತೆಗೆದ ಚಿತ್ರಗಳು ಮುದ್ರಣಕ್ಕೂ ಸಾಕಾದವು. ಟ್ರೈಪಾಡ್ ಇಲ್ಲದಿದ್ದರೆ ಗುಂಪು ಹಗುರಾಗುತ್ತದೆ, ಜಾಗಕ್ಕಾಗಿ ಜಗಳವೂ ಕಡಿಮೆ.

ಜಾಗದ ಪ್ರಶ್ನೆಯೇ ಗುಂಪಿನ ನಿಜವಾದ ತೊಡಕು. ಹನ್ನೆರಡು ಜನ ಒಂದೇ ಗೋಡೆಯ ಮುಂದೆ ನಿಂತರೆ ಪ್ರತಿಯೊಬ್ಬರ ಚಿತ್ರದಲ್ಲೂ ಇನ್ನೊಬ್ಬರ ಬೆನ್ನು. ಆದ್ದರಿಂದ ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ನಕ್ಷೆ ಬರೆದು ಮೂರು ತಂಡ ಮಾಡಿದೆ: ಒಂದು ದೂರದಿಂದ ಇಡೀ ಕಟ್ಟಡಗಳಿಗೆ, ಒಂದು ಗೋಡೆಗಳಿಗೆ, ಒಂದು ಶಾಸನಕಲ್ಲುಗಳಿಗೆ, ಹದಿನೈದು ನಿಮಿಷಕ್ಕೊಮ್ಮೆ ಅದಲುಬದಲು. ದೂರದಿಂದ ತೆಗೆಯುವವರು ಮುಗಿಸುವ ತನಕ ಉಳಿದವರು ಮುಂದಿನ ಹುಲ್ಲನ್ನು ತುಳಿಯುವಂತಿರಲಿಲ್ಲ, ಏಕೆಂದರೆ ಇಬ್ಬನಿಯ ಮೇಲೆ ಮೂಡಿದ ಹೆಜ್ಜೆಗುರುತನ್ನು ಮರಳಿ ಅಳಿಸಲಾಗದು. ಟಾರ್ಚ್ ನೆಲಕ್ಕೆ ಮಾತ್ರ, ಫ್ಲ್ಯಾಶ್ ಬೇಡವೇ ಬೇಡ ಎಂಬುದಕ್ಕೆ ಯಾರೂ ತಕರಾರು ಮಾಡಲಿಲ್ಲ. ಅಕ್ಷರ ಸ್ಪಷ್ಟವಾಗಲೆಂದು ಶಾಸನಕ್ಕೆ ಸುಣ್ಣದ ಕಡ್ಡಿ ಉಜ್ಜುವ, ಎಣ್ಣೆ ಅಥವಾ ನೀರು ಸವರುವ ಹಳೆಯ ಚಾಳಿಯನ್ನು ಮಾತ್ರ ನಾನು ಕಟುವಾಗಿಯೇ ನಿಷೇಧಿಸಿದೆ. ಬೆಳಕು ಮಾಡಬೇಕಾದ ಕೆಲಸವನ್ನು ಕೈಯಿಂದ ಮಾಡಹೊರಟು ಶಾಸನವನ್ನೇ ಕೆಡಿಸುವ ಹಕ್ಕು ಯಾರಿಗೂ ಇಲ್ಲ.

ತಾಂತ್ರಿಕವಾಗಿ ಎಲ್ಲರಿಗೂ ಹೇಳಿದ್ದು ಕೆಲವೇ ಮಾತು. ಚಳಿಯಲ್ಲಿ ತಣಿದ ಕ್ಯಾಮೆರಾವನ್ನು ಬೆಚ್ಚಗಿನ ಜಾಗಕ್ಕೆ ಒಯ್ದಾಗ ಅದರ ಮೇಲೆ ತೇವ ಕೂರದಂತೆ ಅದು ತಾನಾಗಿ ಬೆಚ್ಚಗಾಗುವ ತನಕ ಚೀಲದಲ್ಲೇ ಇರಲಿ. ಬಣ್ಣದ ಛಾಯೆಯನ್ನು ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಎಳೆಬಿಸಿಲಿನ ಹೊಂಬಣ್ಣವನ್ನೇ ತೊಳೆದುಹಾಕಬಹುದು, ಆದ್ದರಿಂದ ಡೇಲೈಟ್‌ನಲ್ಲಿಡಿ. ಮಂಜಿನ ಬಿಳುಪಿಗೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಚಿತ್ರ ಕಪ್ಪಿಡುವುದರಿಂದ ಎಕ್ಸ್‌ಪೋಶರನ್ನು (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಮುಕ್ಕಾಲು ಅಥವಾ ಒಂದು ಸ್ಟಾಪ್ ಏರಿಸಿ; ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ. ಮೊಬೈಲ್‌ನಲ್ಲಿ ತೆಗೆಯುವವರಿಗೆ ಆಕಾಶದ ಮೇಲೆ ಬೆರಳೊತ್ತಿ ಬೆಳಕನ್ನು ಲಾಕ್ ಮಾಡುವುದನ್ನು ತೋರಿಸಿಕೊಟ್ಟೆ. ಛಾಯಾಕೃತಿಯ ವಿಷಯದಲ್ಲಿ ಅವರೇನೂ ಹಿಂದೆ ಬೀಳಲಿಲ್ಲ.

ಬಸದಿಯ ಅಂಗಳದಲ್ಲಿ ತಿನ್ನುವುದು ನಿಯಮಕ್ಕೂ ಮರ್ಯಾದೆಗೂ ಒಪ್ಪುವುದಲ್ಲ. ಆದ್ದರಿಂದ ಅಕ್ಕಿರೊಟ್ಟಿ, ಚಟ್ನಿ ಮತ್ತು ಫ್ಲಾಸ್ಕಿನ ಕಾಫಿಯನ್ನು ವಾಹನಗಳ ಬಳಿಯೇ ಮುಗಿಸಿದೆವು. ಪಂದಿಕರಿ ಬೇಕೆಂದಿದ್ದ ಗೆಳೆಯರಿಗೆ ಸೋಮವಾರಪೇಟೆಗೆ ಮರಳುವವರೆಗೆ ತಾಳ್ಮೆ ಬೇಕಾಯಿತು. ಒಂಬತ್ತರ ಹೊತ್ತಿಗೆ ಬಿಸಿಲು ಗಡುಸಾದಾಗ ಕ್ಯಾಮೆರಾ ಒಳಗಿಟ್ಟೆವು. ಪ್ರತಿಯೊಬ್ಬರೂ ಮೂರೇ ಚಿತ್ರ ಆರಿಸಿ ಕೊಡಬೇಕು, ಅದರಲ್ಲಿ ಒಂದಾದರೂ ಅಕ್ಷರ ಓದಲು ಬರುವಂತಹ ಶಾಸನದ ಚಿತ್ರವಾಗಿರಬೇಕು ಎಂಬ ಷರತ್ತು ಮೊದಲೇ ಇತ್ತು. ಅವುಗಳಲ್ಲಿ ಒಳ್ಳೆಯವನ್ನು ಮುದ್ರಿಸಿ, ದಾರಿ ಹೇಳಿಕೊಟ್ಟ ಆ ಹಿರಿಯರಿಗೂ ಬಸದಿಯ ಕಾವಲುಗಾರರಿಗೂ ಒಂದೊಂದು ಪ್ರತಿ ತಲುಪಿಸಿದೆವು.